ಪೇಷೆಂಟ್ ಕಡೆಯವರು ಯಾರು?

(ಶಿವಮೊಗ್ಗದ ನಮ್ಮ ಬಡಾವಣೆಯಲ್ಲಿ ಹಿರಿಯರೆಲ್ಲ ತಿಂಗಳಿಗೊಮ್ಮೆ ಸೇರುವ ಸಭೆಯಲ್ಲಿ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ಸರಿಮಾಡಿದ್ದೇನೆ. ಮೈಕ್ ಕೈಕೊಟ್ಟ ಹತ್ತು ನಿಮಿಷವನ್ನು ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಆಪರೇಷನ್ ಆದ ಮೇಲೆ ಹಿರಿಯರಿಗೆ ಬರುವ ನ್ಯುಮೋನಿಯಾ, ಅಂದರೆ ಶ್ವಾಸಕೋಶದ ಸೋಂಕು, ಅದನ್ನು ತಡೆಯಲು ಮನೆಯವರು ಏನು ಮಾಡಬಹುದು ಅನ್ನುವುದೇ ಇವತ್ತಿನ ಮಾತು. ನಾನು 31 ವರ್ಷ ನರ್ಸ್ ಆಗಿದ್ದವಳು. ಅದರಲ್ಲಿ ಮುಕ್ಕಾಲು ಪಾಲು ಸರ್ಜಿಕಲ್ ವಾರ್ಡಿನಲ್ಲೇ ಕಳೆಯಿತು. ಅಲ್ಲಿ ನಾನು ಅತಿ ಜಾಸ್ತಿ ಸಲ ಕೂಗಿದ ಮಾತು ಯಾವುದು ಗೊತ್ತಾ? "ಪೇಷೆಂಟ್ ಕಡೆಯವರು ಯಾರು?" ಔಷಧಿ ಚೀಟಿ ಕೊಡಬೇಕು, ಕೂಗು. ರಕ್ತ ತರಿಸಬೇಕು, ಕೂಗು. ಸಹಿ ಬೇಕು, ಬಿಲ್ ಕಟ್ಟಬೇಕು, ಮತ್ತೆ ಕೂಗು. ಆದರೆ "ಬನ್ನಿ, ನಿಮ್ಮ ತಂದೆಯನ್ನು ಹೇಗೆ ಕೂರಿಸಬೇಕು, ಹೇಗೆ ಕೆಮ್ಮಿಸಬೇಕು ತೋರಿಸುತ್ತೇನೆ" ಅಂತ ಕರೆದದ್ದು ತೀರಾ ಕಡಿಮೆ. ನಿವೃತ್ತಿ ಹತ್ತಿರ ಬಂದ ಮೇಲೆ ಬುದ್ಧಿ ಬಂತು. ಅದೂ ಮನೆಯಲ್ಲೇ ಪೆಟ್ಟು ತಿಂದ ಮೇಲೆ.

ಆ ಕತೆಯನ್ನೇ ಮೊದಲು ಹೇಳಿಬಿಡುತ್ತೇನೆ. ನಮ್ಮ ಅತ್ತೆಗೆ ಆಗ 78. ಬಚ್ಚಲಲ್ಲಿ ಜಾರಿ ಬಿದ್ದು ತೊಡೆಮೂಳೆಯ ಮೇಲ್ತುದಿ ಮುರಿಯಿತು. ನಾವೆಲ್ಲ ಸೊಂಟ ಮುರಿಯಿತು ಅಂತೀವಲ್ಲ, ಅದು. ಆಪರೇಷನ್ ಚೆನ್ನಾಗಿಯೇ ಆಯಿತು. ಮಾರನೇ ದಿನ ಫಿಸಿಯೋಥೆರಪಿ ಹುಡುಗಿ ಬಂದು "ಅಜ್ಜೀ, ಎದ್ದು ಕೂರೋಣ" ಅಂದಳು. ಅತ್ತೆ ನರಳಿದರು. ಅಡ್ಡ ಬಂದವಳು ನಾನೇ. "ರಾತ್ರಿಯೆಲ್ಲ ನಿದ್ದೆ ಇಲ್ಲ ಕಣಮ್ಮ, ಈಗ ತಾನೇ ಕಣ್ಣು ಹತ್ತಿದೆ. ನಾಳೆ ನೋಡೋಣ" ಅಂದೆ. ನಾಳೆಯೂ ಹಾಗೇ ಆಯಿತು. ಮೂರನೇ ದಿನ ಅತ್ತೆ ಗಂಜಿ ಬೇಡ ಅಂದರು. ಸಂಜೆ ನನ್ನನ್ನು ತೀರಿಹೋದ ತಂಗಿಯ ಹೆಸರು ಹಿಡಿದು ಕರೆದರು. ಜ್ವರ ಇಲ್ಲ, ಕೆಮ್ಮು ಇಲ್ಲ. ನೋವಿನ ಇಂಜೆಕ್ಷನ್ನಿನ ಮಂಪರು ಇರಬೇಕು ಅಂದುಕೊಂಡು ಸುಮ್ಮನಾದೆ.

ರಾತ್ರಿ ಬಂದ ಡ್ಯೂಟಿ ಡಾಕ್ಟರ್ ನನ್ನ ಮಗನ ವಯಸ್ಸಿನವರು. ಗಡಿಯಾರ ನೋಡಿಕೊಂಡು ಪೂರ್ತಿ ಒಂದು ನಿಮಿಷ ಅತ್ತೆಯ ಎದೆ ಏರಿಳಿಯುವುದನ್ನು ಎಣಿಸಿದರು. 32. ಆರಾಮಾಗಿರುವ ಮನುಷ್ಯ ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾನೆ. ಎಕ್ಸ್‌ರೇ ತೆಗೆದರೆ ಬಲಗಡೆಯ ಶ್ವಾಸಕೋಶದ ಕೆಳಭಾಗ ಬೆಳ್ಳಗೆ ಕಂಡಿತು. ನ್ಯುಮೋನಿಯಾ.

ಇನ್ನೂ ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದು ಅತ್ತೆ ಮನೆಗೆ ಬಂದರು. ವಾಕರ್ ಹಿಡಿದು ನಾಲ್ಕು ವರ್ಷ ಓಡಾಡಿದರು. ಆದರೆ ನನಗೆ ಮಾತ್ರ ಒಂದು ವಿಷಯ ಮರೆಯಲಿಲ್ಲ. ನರ್ಸ್ ಸೊಸೆ ಪಕ್ಕದಲ್ಲೇ ಕೂತು, ಪ್ರೀತಿಯಿಂದಲೇ, ಅವರನ್ನು ಮಲಗಿಸಿಟ್ಟಿದ್ದಳು.

ಆಪರೇಷನ್ ಆದ ಮೇಲೆ ನ್ಯುಮೋನಿಯಾ ಬಂದರೆ ನಮ್ಮ ಜನ ಏನು ಹೇಳುತ್ತಾರೆ? "ಥಿಯೇಟರಿನ ಎಸಿಗೆ ಥಂಡಿ ಹಿಡೀತು." "ಎಳನೀರು ಕೊಟ್ಟಿದ್ದೇ ತಪ್ಪಾಯ್ತು." "ಫ್ಯಾನ್ ಕೆಳಗೆ ಬೆಡ್ ಕೊಟ್ಟಿದ್ರು." ಪಾಪ, ಫ್ಯಾನಿನದ್ದೂ ಎಳನೀರಿನದ್ದೂ ತಪ್ಪಿಲ್ಲ. ಹೆಚ್ಚಿನ ಸಲ ಈ ಕಾಯಿಲೆ ಇಳಿಯುವುದು ನಮ್ಮ ಬಾಯಿಂದಲೇ, ನಮ್ಮದೇ ಎದೆಗೆ.

ಹೇಗೆ ಅಂತ ಹೇಳುತ್ತೇನೆ. ಹಾಲಿನ ಕವರ್ ತೊಳೆದು ಇಟ್ಟಾಗ ಒಳಗಿನ ಎರಡೂ ಪದರ ಒದ್ದೆಯಲ್ಲಿ ಅಂಟಿಕೊಂಡುಬಿಡುತ್ತವೆ, ನೋಡಿದ್ದೀರಲ್ವಾ? ಊದಿದರೆ ಮಾತ್ರ ಬಿಡಿಸಿಕೊಳ್ಳುತ್ತವೆ. ಶ್ವಾಸಕೋಶದ ತುದಿಯಲ್ಲಿ ಅಂಥ ಪುಟ್ಟ ಪುಟ್ಟ ಗಾಳಿಚೀಲಗಳು ಕೋಟಿಗಟ್ಟಲೆ ಇವೆ. ಪೂರ್ತಿ ಅರಿವಳಿಕೆ ಕೊಟ್ಟಾಗ ಹತ್ತರಲ್ಲಿ ಒಂಬತ್ತು ಜನರಿಗೆ ಅದರಲ್ಲಿ ಒಂದಿಷ್ಟು ಚೀಲಗಳು ಹೀಗೆ ಅಂಟಿಕೊಳ್ಳುತ್ತವೆ. ಎದ್ದು ಓಡಾಡಿ, ದೀರ್ಘ ಉಸಿರು ಎಳೆದುಕೊಂಡರೆ ಮತ್ತೆ ತೆರೆದುಕೊಳ್ಳುತ್ತವೆ. ಅಂಗಾತ ಮಲಗಿ, ನೋವಿಗೆ ಹೆದರಿ ಮೇಲುಮೇಲೆ ಉಸಿರಾಡುತ್ತಿದ್ದರೆ ಹಾಗೇ ಉಳಿಯುತ್ತವೆ. ಇಳಿಜಾರಿಲ್ಲದ ಚರಂಡಿಯಲ್ಲಿ ನೀರು ನಿಂತ ಹಾಗೆ ಅಲ್ಲಿ ಕಫ ನಿಲ್ಲುತ್ತದೆ. "ನಮಗೆ ಬೆನ್ನಿಗೆ ಇಂಜೆಕ್ಷನ್ ಕೊಟ್ಟಿದ್ದು, ಪೂರ್ತಿ ಅರಿವಳಿಕೆ ಅಲ್ಲ" ಅಂತ ಸಮಾಧಾನ ಪಟ್ಟುಕೊಳ್ಳಬೇಡಿ. ಅತ್ತೆಗೂ ಬೆನ್ನಿಗೇ ಕೊಟ್ಟಿದ್ದು. ಆಮೇಲೆ ಮಲಗಿದ್ದು ಮೂರು ದಿನ.

ಈಗ ಆ ನಿಂತ ಕಫಕ್ಕೆ ರೋಗಾಣು ಎಲ್ಲಿಂದ ಬರುತ್ತದೆ? ನಿದ್ದೆಯಲ್ಲಿ ಜೊಲ್ಲು ಒಂಚೂರು ಶ್ವಾಸನಾಳಕ್ಕೆ ಜಾರುವುದು ಆರೋಗ್ಯವಂತರಲ್ಲೂ ಸುಮಾರು ಅರ್ಧ ಜನರಿಗೆ ಆಗುತ್ತದೆ. ನಿಮಗೂ ನಿನ್ನೆ ರಾತ್ರಿ ಆಗಿರಬಹುದು. ಏನೂ ಆಗುವುದಿಲ್ಲ, ಕೆಮ್ಮು ಅದನ್ನು ಹೊರಗೆ ತಳ್ಳುತ್ತದೆ. ವಯಸ್ಸಾದಂತೆ ಆ ಕೆಮ್ಮಿನ ಚುರುಕು ಕಡಿಮೆಯಾಗುತ್ತದೆ, ನುಂಗುವ ಶಕ್ತಿಯೂ ಕುಂದುತ್ತದೆ. ಅದರ ಮೇಲೆ ನೋವಿನ ಔಷಧಿಯ ಮಂಪರು. ಇನ್ನೊಂದು ಕಡೆ, ಆಸ್ಪತ್ರೆ ಸೇರಿದ ಒಂದೆರಡು ದಿನದಲ್ಲೇ ಬಾಯೊಳಗಿನ ರೋಗಾಣುಗಳ ಜಾತಿ ಬದಲಾಗಲು ಶುರುವಾಗುತ್ತದೆ. ಮನೆಯ ಸಾಧು ರೋಗಾಣುಗಳ ಜಾಗಕ್ಕೆ ಕ್ಲೆಬ್ಸಿಯೆಲ್ಲಾ, ಅಸಿನೆಟೋಬ್ಯಾಕ್ಟರ್ ಥರದ ಆಸ್ಪತ್ರೆಯ ರೌಡಿಗಳು ಬಂದು ಕೂರುತ್ತವೆ. ಆಸ್ಪತ್ರೆ ಸೇರಿ 48 ಗಂಟೆ ಕಳೆದ ಮೇಲೆ ಬಂದ ನ್ಯುಮೋನಿಯಾವನ್ನು ಡಾಕ್ಟರುಗಳು ಬೇರೆಯೇ ಲೆಕ್ಕಕ್ಕೆ ಹಾಕುವುದು ಇದಕ್ಕೇ. ಅದರ ರೋಗಾಣು ಬೇರೆ, ಅದಕ್ಕೆ ಬೇಕಾದ ಔಷಧಿಯೂ ಬೇರೆ.

ನಮ್ಮಲ್ಲಿ ಇನ್ನೂ ಒಂದು ಸಂಗತಿ ಸೇರಿಸಬೇಕು. ಈ ಸಭೆಯಲ್ಲಿರುವ ಹೆಂಗಸರಲ್ಲಿ ಬೀಡಿ ಸಿಗರೇಟು ಸೇದಿದವರು ಯಾರೂ ಇರಲಿಕ್ಕಿಲ್ಲ. ಆದರೆ ಮೂವತ್ತು ನಲವತ್ತು ವರ್ಷ ಸೌದೆ ಒಲೆ ಊದಿದವರು ಎಷ್ಟು ಜನ? (ಕೈಗಳು ಎದ್ದವು, ಅರ್ಧಕ್ಕಿಂತ ಜಾಸ್ತಿ.) ನೋಡಿ. "ಅಮ್ಮನಿಗೆ ಯಾವ ಚಟವೂ ಇಲ್ಲ ಡಾಕ್ಟ್ರೇ" ಅಂತ ಮಕ್ಕಳು ಹೇಳುತ್ತಾರೆ. ಒಲೆಯ ಹೊಗೆಯ ವಿಷಯ ಯಾರೂ ಹೇಳುವುದಿಲ್ಲ. ಆಪರೇಷನ್‌ಗೆ ಮುಂಚೆ ಅರಿವಳಿಕೆ ಡಾಕ್ಟರಿಗೆ ಅದನ್ನು ಹೇಳಿ. ಬೀಡಿ ಸಿಗರೇಟು ಸೇದುವವರು ನಾಲ್ಕು ವಾರ ಮೊದಲೇ ಬಿಟ್ಟರೆ ಲಾಭ ಇದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ.

ಮಲಗುವ ವಿಷಯಕ್ಕೆ ವಾಪಸ್ ಬರೋಣ. ಆಪರೇಷನ್ ಆದವರು ಮಲಗಿರಬೇಕು ಅನ್ನುವುದು ನಮ್ಮ ಅಜ್ಜಿಯರ ನಂಬಿಕೆ ಮಾತ್ರ ಅಲ್ಲ. ಒಂದು ಕಾಲದಲ್ಲಿ ದೊಡ್ಡ ದೊಡ್ಡ ಆಸ್ಪತ್ರೆಗಳೇ ಹರ್ನಿಯಾ ಆಪರೇಷನ್‌ಗೂ ವಾರಗಟ್ಟಲೆ ಮಲಗಿಸುತ್ತಿದ್ದವು. ನಮಗೆ ಸ್ವಾತಂತ್ರ್ಯ ಬಂದ 1947ರಲ್ಲೇ ರಿಚರ್ಡ್ ಆಶರ್ ಅನ್ನುವ ಲಂಡನ್ನಿನ ಡಾಕ್ಟರ್ ಇದರ ವಿರುದ್ಧ ಒಂದು ಖಾರವಾದ ಲೇಖನ ಬರೆದರು. ಹಾಸಿಗೆ ಹಿಡಿಸುವುದರಿಂದ ಎದೆ, ರಕ್ತನಾಳ, ಚರ್ಮ, ಮೂಳೆ, ಮನಸ್ಸು ಎಲ್ಲದಕ್ಕೂ ಆಗುವ ಕೇಡನ್ನು ಒಂದೊಂದಾಗಿ ಎಣಿಸಿದರು. ಅದಾಗಿ ಇಷ್ಟು ವರ್ಷವಾಯಿತು. ಈಗ ಡಾಕ್ಟರುಗಳು ಬೇಗ ಎಬ್ಬಿಸಿ ಅನ್ನುತ್ತಾರೆ. "ಇನ್ನೊಂದಿನ ಮಲಗಲಿ" ಅನ್ನುವವರು ನಾವೇ, ಕಡೆಯವರು. ಎಬ್ಬಿಸಿದರೆ ನಿರ್ದಯಿ ಅನ್ನಿಸುತ್ತದೆ, ಹೊದಿಸಿ ಮಲಗಿಸಿದರೆ ಸೇವೆ ಅನ್ನಿಸುತ್ತದೆ. ಸಂಜೆ ನೋಡಲು ಬಂದ ನೆಂಟರೂ ಅದನ್ನೇ ಮೆಚ್ಚುತ್ತಾರೆ.

ಅಮೆರಿಕದ ಬಾಸ್ಟನ್ ಮೆಡಿಕಲ್ ಸೆಂಟರಿನಲ್ಲಿ ಆಪರೇಷನ್ ಆದವರಿಗೆ ಲೆಕ್ಕಕ್ಕಿಂತ ಜಾಸ್ತಿ ನ್ಯುಮೋನಿಯಾ ಬರುತ್ತಿತ್ತು. 2010ರಲ್ಲಿ ಅವರು ಒಂದು ಪದ್ಧತಿ ಶುರು ಮಾಡಿದರು. ಅದರ ಹೆಸರು 'ಐ ಕಾಫ್', ಅಂದರೆ ನಾನು ಕೆಮ್ಮುತ್ತೇನೆ ಅಂತ. ಕಾಫಿ ಅಲ್ಲ, ಕಾಫ್! ಕಾಫಿಯ ವಿಷಯಕ್ಕೆ ಆಮೇಲೆ ಬರುತ್ತೇನೆ. ಅದರಲ್ಲಿ ಹೊಸ ಮಷಿನ್ ಇಲ್ಲ, ದುಬಾರಿ ಔಷಧಿ ಇಲ್ಲ. ಉಸಿರಿನ ವ್ಯಾಯಾಮ, ಕೆಮ್ಮು, ದಿನಕ್ಕೆ ಎರಡು ಸಲ ಹಲ್ಲುಜ್ಜುವುದು, ದಿನಕ್ಕೆ ಮೂರು ಸಲವಾದರೂ ಹಾಸಿಗೆ ಬಿಟ್ಟು ಏಳುವುದು, ಮಂಚದ ತಲೆಭಾಗ ಎತ್ತರಿಸಿಡುವುದು. ಇದನ್ನೆಲ್ಲ ಪೇಷೆಂಟಿಗೂ ಮನೆಯವರಿಗೂ ಮೊದಲೇ ಕೂರಿಸಿ ಹೇಳುವುದು. ಇಷ್ಟೇ. ಅವರ ನ್ಯುಮೋನಿಯಾ ಪ್ರಮಾಣ ಶೇ. 2.6ರಿಂದ 1.6ಕ್ಕೆ ಇಳಿಯಿತು. ಮತ್ತೆ ತುರ್ತಾಗಿ ಗಂಟಲಿಗೆ ಟ್ಯೂಬ್ ಹಾಕಬೇಕಾಗಿ ಬಂದವರ ಪ್ರಮಾಣ ಶೇ. 2ರಿಂದ 1.2ಕ್ಕೆ ಬಂತು. ಒಂದೇ ಆಸ್ಪತ್ರೆಯ ಹಿಂದಿನ ಮುಂದಿನ ಲೆಕ್ಕ ಇದು, ಇದೊಂದರಿಂದಲೇ ಎಲ್ಲ ಸಾಬೀತಾಯಿತು ಅನ್ನುವಂತಿಲ್ಲ.

ನನಗೆ ಇದಕ್ಕಿಂತ ಇಷ್ಟವಾದದ್ದು ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನವರು ಮಾಡಿ 2018ರಲ್ಲಿ ಪ್ರಕಟಿಸಿದ ಅಧ್ಯಯನ. ಹೊಟ್ಟೆಯ ಮೇಲ್ಭಾಗದ ದೊಡ್ಡ ಆಪರೇಷನ್‌ಗೆ ಹೋಗುವ 441 ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಎಲ್ಲರಿಗೂ ಒಂದು ಪುಸ್ತಿಕೆ ಕೊಟ್ಟರು. ಒಂದು ಗುಂಪಿಗೆ ಮಾತ್ರ ಫಿಸಿಯೋಥೆರಪಿಸ್ಟ್ ಎದುರು ಕೂತು 30 ನಿಮಿಷ ಮಾತಾಡಿದರು. ಎಚ್ಚರವಾದ ಕೂಡಲೇ ದೀರ್ಘ ಉಸಿರು ಶುರು ಮಾಡಿ, ಗಂಟೆಗಂಟೆಗೂ ಮಾಡಿ, ಯಾಕೆ ಮಾಡಬೇಕು ಅಂದರೆ ಹೀಗೆ ಅಂತ. ಒಂದೇ ಸಲ, ಅದೂ ಆಪರೇಷನ್‌ಗೆ ಮುಂಚೆ. ಪುಸ್ತಿಕೆ ಮಾತ್ರ ಸಿಕ್ಕಿದವರಲ್ಲಿ ಶೇ. 27 ಜನರಿಗೆ ಶ್ವಾಸಕೋಶದ ತೊಂದರೆ ಬಂತು. ಮಾತೂ ಸಿಕ್ಕಿದವರಲ್ಲಿ ಶೇ. 12. ಅರ್ಧ ಗಂಟೆಯ ಮಾತಿಗೆ! ನಾನು 31 ವರ್ಷದಲ್ಲಿ ಎಷ್ಟು ಅರ್ಧ ಗಂಟೆಗಳನ್ನು ರಿಜಿಸ್ಟರಿಗೆ ಗೆರೆ ಎಳೆಯುತ್ತಾ ಕಳೆದಿದ್ದೇನೋ.

ಈಗ ಈ ಆಟಿಕೆ ನೋಡಿ. ಮೂರು ಚೆಂಡಿನ ಸ್ಪೈರೋಮೀಟರ್, ಉಸಿರಿನ ವ್ಯಾಯಾಮಕ್ಕೆ ಕೊಡುವ ಡಬ್ಬಿ. ನಿಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಅಟ್ಟದ ಮೇಲೆ ಬಿದ್ದಿರುತ್ತದೆ. ಹತ್ತು ಜನರಿಗೆ ಕೊಟ್ಟರೆ ಏಳು ಜನ ಇದನ್ನು ಊದುತ್ತಾರೆ. ಇದು ಊದುವುದಲ್ಲ, ಎಳೆಯುವುದು. ಎಳನೀರಿಗೆ ಸ್ಟ್ರಾ ಹಾಕಿ ಎಳೆದ ಹಾಗೆ ನಿಧಾನವಾಗಿ ಗಾಳಿ ಎಳೆಯಬೇಕು. ಒಂದು ಚೆಂಡು ಎದ್ದು ಎರಡು ಮೂರು ಸೆಕೆಂಡ್ ಮೇಲೇ ನಿಂತರೆ ಸಾಕು. ಮೂರೂ ಚೆಂಡು ಟಕ್ ಅಂತ ಹಾರಿ ಬಿದ್ದರೆ ಮೊಮ್ಮಕ್ಕಳು ಚಪ್ಪಾಳೆ ತಟ್ಟುತ್ತಾರೆ, ಶ್ವಾಸಕೋಶಕ್ಕೆ ಪ್ರಯೋಜನ ಕಡಿಮೆ. ಇನ್ನೊಂದು ನಿಜ ಹೇಳಬೇಕು. ಈ ಡಬ್ಬಿ ಒಂದರಿಂದಲೇ ನ್ಯುಮೋನಿಯಾ ತಪ್ಪುತ್ತದೆ ಅನ್ನುವುದಕ್ಕೆ ಗಟ್ಟಿ ಪುರಾವೆ ಸಿಕ್ಕಿಲ್ಲ. ಎದ್ದು ಕೂರದೆ, ನಡೆಯದೆ, ಕೆಮ್ಮದೆ ಸುಮ್ನೆ ಚೆಂಡು ಎತ್ತುತ್ತಾ ಇದ್ದರೆ ಅದು ಆಟಿಕೆಯೇ.

ನಾನು ಬಹಳ ಒತ್ತಿ ಹೇಳಬೇಕಾದದ್ದು ಬಾಯಿಯ ವಿಷಯ. ಆಸ್ಪತ್ರೆಗೆ ಅಡ್ಮಿಟ್ ಆಗಲು ಬರುವವರ ಚೀಲದಲ್ಲಿ ಏನೇನಿರುತ್ತದೆ ಅಂತ ನನಗೆ ಬಾಯಿಪಾಠ. ಬಕೆಟ್ಟು, ಚೊಂಬು, ಫ್ಲಾಸ್ಕು, ಎರಡು ಬೆಡ್‌ಶೀಟು, ಬಿಸ್ಕತ್ತು, ಫೋನ್ ಚಾರ್ಜರ್. ಬ್ರಷ್ ಇರುತ್ತದೆ, ಆದರೆ ಅದು ಕಡೆಯವರದು! ಪೇಷೆಂಟಿನ ಬ್ರಷ್ ಇರುವುದಿಲ್ಲ. "ಏನೂ ತಿಂದಿಲ್ಲವಲ್ಲ ಸಿಸ್ಟರ್, ಹಲ್ಲು ಯಾಕೆ ಉಜ್ಜಬೇಕು?" ಅಂತ ಕೇಳುತ್ತಾರೆ. ತಿನ್ನದೇ ಇದ್ದಾಗಲೇ ಬಾಯಿ ಒಣಗಿ ಹೊಲಸಾಗುವುದು ಜಾಸ್ತಿ.

ಜಪಾನಿನಲ್ಲಿ 11 ನರ್ಸಿಂಗ್ ಹೋಮುಗಳಲ್ಲಿ ಎರಡು ವರ್ಷ ಒಂದು ಪರೀಕ್ಷೆ ಮಾಡಿದರು. ಅಲ್ಲಿ ನರ್ಸಿಂಗ್ ಹೋಮ್ ಅಂದರೆ ನಮ್ಮ ಹಾಗೆ ಸಣ್ಣ ಆಸ್ಪತ್ರೆ ಅಲ್ಲ, ವಯಸ್ಸಾದವರನ್ನು ನೋಡಿಕೊಳ್ಳುವ ಮನೆ. ಅರ್ಧ ಜನರಿಗೆ ಪ್ರತಿ ಊಟದ ನಂತರ ಸಿಬ್ಬಂದಿಯೇ ಬಾಯಿ ಸ್ವಚ್ಛ ಮಾಡಿದರು. ಉಳಿದವರನ್ನು ಎಂದಿನಂತೆ ಬಿಟ್ಟರು. ಎಂದಿನಂತೆ ಬಿಟ್ಟವರಲ್ಲಿ ಶೇ. 19 ಜನರಿಗೆ ನ್ಯುಮೋನಿಯಾ ಬಂತು, ಬಾಯಿ ತೊಳೆಸಿಕೊಂಡವರಲ್ಲಿ ಶೇ. 11 ಜನರಿಗೆ. 2002ರಲ್ಲಿ ಪ್ರಕಟವಾದ ಲೆಕ್ಕ ಇದು. ಹಲ್ಲೇ ಇಲ್ಲದ ಬೊಚ್ಚುಬಾಯಿಯವರಿಗೂ ಲಾಭ ಕಂಡಿತು. ಹಾಗಾಗಿ ಹಲ್ಲಿಲ್ಲ ಅಂತ ಬಿಡಬೇಡಿ. ಒಸಡು, ನಾಲಿಗೆ, ಕೆನ್ನೆಯ ಒಳಭಾಗ ಮೆತ್ತನೆಯ ಬ್ರಷ್ಷಿನಿಂದ ಉಜ್ಜಿ. ನಮ್ಮ ಕಡೆ ಕೆನ್ನೆಯ ಸಂದಿಯಲ್ಲಿ ಎಲೆ ಅಡಿಕೆಯ ಚೂರು ಸಿಗುತ್ತದೆ. ಆಪರೇಷನ್‌ನ ಹಿಂದಿನ ರಾತ್ರಿ ಹಾಕಿಕೊಂಡದ್ದು! ನಗಬೇಡಿ ಯಜಮಾನರೇ, ನಿಮ್ಮನ್ನೇ ಹೇಳಿದ್ದಲ್ಲ. ಬಣ್ಣದ ಔಷಧಿಯಲ್ಲಿ ಬಾಯಿ ಮುಕ್ಕಳಿಸಿದರೆ ಉಜ್ಜಿದ ಹಾಗಾಗುವುದಿಲ್ಲ.

ಕಟ್ಟಿಸಿದ ಹಲ್ಲು ಇರುವವರು ರಾತ್ರಿ ತೆಗೆದಿಟ್ಟೇ ಮಲಗಬೇಕು, ಮನೆಯಲ್ಲೂ ಅಷ್ಟೇ. ಟೋಕಿಯೋದಲ್ಲಿ 85 ದಾಟಿದ 524 ಜನರನ್ನು ವರ್ಷಗಟ್ಟಲೆ ಗಮನಿಸಿದಾಗ, ಹಲ್ಲಿನ ಸೆಟ್ ಹಾಕಿಕೊಂಡೇ ಮಲಗುವವರಲ್ಲಿ ನ್ಯುಮೋನಿಯಾದ ಅಪಾಯ ಎರಡು ಪಟ್ಟಿಗಿಂತ ಜಾಸ್ತಿ ಕಂಡಿತು. ಆಸ್ಪತ್ರೆಗೆ ಬರುವಾಗ ಒಂದು ಮುಚ್ಚಳದ ಡಬ್ಬಿ ತನ್ನಿ. ಟಿಶ್ಯೂ ಪೇಪರಿನಲ್ಲಿ ಸುತ್ತಿಟ್ಟ ಹಲ್ಲುಗಳು ಕಸದ ಬುಟ್ಟಿಗೆ ಹೋದದ್ದನ್ನು ನಾನೇ ಮೂರು ಸಲ ಹುಡುಕಿದ್ದೇನೆ.

ಈಗ ಕಾಫಿ. ಆಪರೇಷನ್ ದಿನ ಬೆಳಗ್ಗೆ "ಏನೂ ಕೊಡಬೇಡಿ" ಅಂದಿರುತ್ತಾರೆ. ಅಪ್ಪನಿಗೆ ಐದು ಗಂಟೆಗೆ ಕಾಫಿ ಇಲ್ಲದೆ ತಲೆನೋವು. ಮಗಳಿಗೆ ನೋಡಲಾಗುವುದಿಲ್ಲ. ಫ್ಲಾಸ್ಕಿನಿಂದ ಅರ್ಧ ಲೋಟ, ಗುಟ್ಟಾಗಿ. ಹಾಲು ಸೇರಿದ ಕಾಫಿ ಹೊಟ್ಟೆಯಿಂದ ಕೆಳಗಿಳಿಯಲು ಆರು ಗಂಟೆ ಬಿಡಬೇಕು ಅಂತ ಲೆಕ್ಕ. ಬರೀ ನೀರಾದರೆ ಎರಡು ಗಂಟೆ. ಅರಿವಳಿಕೆ ಕೊಟ್ಟ ಕೂಡಲೇ ಗಂಟಲಿನ ಕಾವಲು ಇಲ್ಲವಾಗುತ್ತದೆ, ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು. ತಪ್ಪಿ ಕೊಟ್ಟಿದ್ದರೆ ದಯವಿಟ್ಟು ಹೇಳಿಬಿಡಿ. ಬೈಯುತ್ತಾರೆ, ಆಪರೇಷನ್ ಮುಂದೆ ಹಾಕುತ್ತಾರೆ. ಹಾಕಲಿ. ಮುಚ್ಚಿಟ್ಟರೆ ಜೀವಕ್ಕೇ ಕುತ್ತು.

ಆಮೇಲೆ ಊಟ ಶುರುವಾದಾಗ ಮಲಗಿಸಿಕೊಂಡು ಚಮಚದಲ್ಲಿ ಸುರಿಯಬೇಡಿ. ನೆಟ್ಟಗೆ ಕೂರಿಸಿ, ಗದ್ದ ಸ್ವಲ್ಪ ಎದೆಯ ಕಡೆ ಬಾಗಿರಲಿ. ಒಂದು ತುತ್ತು ನುಂಗಿದ್ದು ಖಾತ್ರಿಯಾದ ಮೇಲೆ ಇನ್ನೊಂದು. ನುಂಗಲು ಕಷ್ಟಪಡುವವರಿಗೆ ತೆಳ್ಳಗಿನ ನೀರಿಗಿಂತ ಮಂದಗಿನ ಗಂಜಿ ಸುಲಭ. ನಮಗೆ ಇದು ಉಲ್ಟಾ ಅನ್ನಿಸುತ್ತದೆ. ಊಟವಾದ ಮೇಲೂ ಅರ್ಧ ಗಂಟೆ ಕೂತೇ ಇರಲಿ.

ಇನ್ನು ಕೈ ತೊಳೆಯುವ ಮಾತು. ನಾನು ಜನರಲ್ ವಾರ್ಡಿನ ಒಂದು ಒಳ್ಳೆಯತನದ ಬಗ್ಗೆ ಹೇಳುತ್ತೇನೆ. ಪಕ್ಕದ ಬೆಡ್ಡಿನ ಅಜ್ಜನಿಗೆ ಯಾರೂ ಇಲ್ಲದಿದ್ದರೆ ನಮ್ಮ ಜನ ಸುಮ್ಮನೆ ಕೂರುವುದಿಲ್ಲ. ಕಫದ ಬಟ್ಟಲು ಎತ್ತಿಕೊಡುತ್ತಾರೆ, ಮಗ್ಗುಲು ಬದಲಿಸುತ್ತಾರೆ. ಅದೇ ಕೈಯಲ್ಲಿ ಬಂದು ತಮ್ಮ ಅಮ್ಮನ ಆಕ್ಸಿಜನ್ ಮಾಸ್ಕ್ ಸರಿಮಾಡುತ್ತಾರೆ. ಸಹಾಯ ಬಿಡಿ ಅಂತ ನಾನು ಹೇಳಲಾರೆ. ನಡುವೆ ಕೈ ತೊಳೆಯಿರಿ. ಸೋಪಾದರೆ ಒಟ್ಟು 40ರಿಂದ 60 ಸೆಕೆಂಡ್, ಗೋಡೆಗೆ ತಗುಲಿಸಿದ ಸ್ಯಾನಿಟೈಸರ್ ಆದರೆ 20ರಿಂದ 30 ಸೆಕೆಂಡ್ ಉಜ್ಜಬೇಕು. ಗ್ಲೌಸ್ ಹಾಕಿದ್ದೇವೆ ಅಂತ ಬೆಡ್ಡಿನಿಂದ ಬೆಡ್ಡಿಗೆ ಅದೇ ಗ್ಲೌಸಿನಲ್ಲಿ ಓಡಾಡುವುದು ಕೈ ತೊಳೆಯದೇ ಇದ್ದ ಹಾಗೇ. ಇದನ್ನು ನಮ್ಮ ಸಿಬ್ಬಂದಿಗೂ ಹೇಳುತ್ತಿದ್ದೇನೆ. ಔಷಧಿಯನ್ನು ಆವಿಯ ಹಾಗೆ ಎಳೆದುಕೊಳ್ಳುವ ನೆಬುಲೈಸರ್ ಮಾಸ್ಕ್ ಒಬ್ಬರದ್ದು ಇನ್ನೊಬ್ಬರಿಗೆ ಬೇಡ. ಆಕ್ಸಿಜನ್ ಬಾಟಲಿಯಲ್ಲಿ ನೀರು ಕಡಿಮೆಯಾಯಿತು ಅಂತ ನೀವೇ ನಲ್ಲಿ ನೀರು ತುಂಬಬೇಡಿ. ಸಿಸ್ಟರನ್ನು ಕರೆಯಿರಿ.

ಇಷ್ಟು ಹೇಳಿದ ಮೇಲೆ ನಿಮಗೆ ಅನ್ನಿಸಬಹುದು, ಇದೆಲ್ಲ ಆಸ್ಪತ್ರೆಯ ಕೆಲಸ ತಾನೇ, ದುಡ್ಡು ಕೊಟ್ಟು ನಾವ್ಯಾಕೆ ಮಾಡಬೇಕು ಅಂತ. ನಿಜ, ಆಸ್ಪತ್ರೆಯ ಕೆಲಸವೇ. ನಾನು ರಾತ್ರಿ ಪಾಳಿಯಲ್ಲಿ ಒಬ್ಬಳೇ 40 ಬೆಡ್ ನೋಡಿಕೊಂಡಿದ್ದೇನೆ. ಇಂಜೆಕ್ಷನ್, ಡ್ರಿಪ್, ಬಿಪಿ ಬರೆಯುವುದರಲ್ಲೇ ಬೆಳಗಾಗುತ್ತಿತ್ತು. ಇಂಜೆಕ್ಷನ್ ತಪ್ಪಿದರೆ ಕೇಳುವವರಿದ್ದರು. ಅಜ್ಜಿಯ ಹಲ್ಲು ಉಜ್ಜಲಿಲ್ಲ ಯಾಕೆ ಅಂತ ಒಬ್ಬರೂ ಯಾವತ್ತೂ ಕೇಳಲಿಲ್ಲ. ಯಾರೂ ಕೇಳದ ಕೆಲಸ ಬಿಟ್ಟುಹೋಗುತ್ತದೆ. ನೀವು ಕೇಳಿ. "ಇವತ್ತು ಎಷ್ಟು ಸಲ ಎಬ್ಬಿಸಬೇಕು? ಮಂಚದ ತಲೆಭಾಗ ಎಷ್ಟು ಎತ್ತಬೇಕು? ಕೆಮ್ಮುವಾಗ ನೋವಾಗದ ಹಾಗೆ ಔಷಧಿ ಯಾವಾಗ ಕೊಡುತ್ತೀರಿ?" ಇದು ಕೊನೆಯದು ಮುಖ್ಯ. ನೋವನ್ನು ತಡೆದುಕೊಳ್ಳುವುದರಲ್ಲಿ ನಮ್ಮ ಹಿರಿಯರಿಗೆ ಒಂಥರಾ ಹೆಮ್ಮೆ. ಆದರೆ ನೋವಿರುವವರು ಕೆಮ್ಮುವುದಿಲ್ಲ, ಏಳುವುದಿಲ್ಲ. ಎಬ್ಬಿಸುವಾಗ ಮೊದಲ ಸಲ ಸಿಬ್ಬಂದಿ ಜೊತೆಗಿರಲಿ, ಬೀಳಿಸಿಕೊಳ್ಳಬೇಡಿ.

ಇನ್ನು ಕೆಲವರು "ಹೈ ಪವರ್ ಆಂಟಿಬಯಾಟಿಕ್ ಮುಂಚೆಯೇ ಹಾಕಿಬಿಡಿ, ನ್ಯುಮೋನಿಯಾ ಬರಲ್ಲ" ಅನ್ನುತ್ತಾರೆ. ಹಾಗಾಗುವುದಿಲ್ಲ. ಆಪರೇಷನ್ ಶುರುವಾಗುವ ಮುನ್ನ ಒಂದು ಗಂಟೆಯೊಳಗೆ ಕೊಡುವ ಡೋಸ್ ಗಾಯದ ಸೋಂಕಿಗಾಗಿ. ಆಮೇಲೆ ದಿನಗಟ್ಟಲೆ ಸುಮ್ನೆ ಹಾಕುತ್ತಾ ಹೋದರೆ ಸಾಧು ರೋಗಾಣುಗಳು ಸತ್ತು, ಯಾವ ಔಷಧಿಗೂ ಜಗ್ಗದವು ಉಳಿಯುತ್ತವೆ. ಫ್ಲೂ ಮತ್ತು ನ್ಯುಮೋಕಾಕಲ್ (ನ್ಯುಮೋನಿಯಾ ತರುವ ಒಂದು ರೋಗಾಣುವಿನ ವಿರುದ್ಧದ) ಲಸಿಕೆಗಳ ಬಗ್ಗೆ ಮಾತ್ರ ನಿಮ್ಮ ಡಾಕ್ಟರನ್ನು ಆರೋಗ್ಯವಾಗಿರುವಾಗಲೇ ಕೇಳಿ. ಅವು ಎಲ್ಲ ರೋಗಾಣುಗಳನ್ನೂ ತಡೆಯುವುದಿಲ್ಲ, ಆದರೂ ಒಂದಿಷ್ಟು ಭಾರ ಇಳಿಯುತ್ತದೆ.

ವಿಲಿಯಂ ಓಸ್ಲರ್ ಅಂತ ಕೆನಡಾದಲ್ಲಿ ಹುಟ್ಟಿದ ಮಹಾ ವೈದ್ಯರೊಬ್ಬರಿದ್ದರು. ನ್ಯುಮೋನಿಯಾವನ್ನು ಅವರು ಮುದುಕರ ಗೆಳೆಯ ಅಂದಿದ್ದರು. ಜಾಸ್ತಿ ನರಳಿಸದೆ ಕರೆದುಕೊಂಡು ಹೋಗುತ್ತದೆ ಅನ್ನುವ ಅರ್ಥದಲ್ಲಿ. ಪೆನಿಸಿಲಿನ್‌ಗೂ ಮುಂಚಿನ ಕಾಲದವರು ಅವರು. ಅವರ ಮಾತು ಅವರಿಗೆ ಇರಲಿ. ಆದರೆ ವಾರ್ಡಿನಲ್ಲಿ "ವಯಸ್ಸಾಗಿತ್ತು ಬಿಡಿ" ಅಂತ ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಹಾಗೆ ಅನ್ನಿಸಿಕೊಂಡ ಪೇಷೆಂಟ್ ಮಂಡಿ ಆಪರೇಷನ್‌ಗೆ ನಡೆದುಕೊಂಡು ಬಂದ ಮನುಷ್ಯ. ವಯಸ್ಸು ಬಂದ ದಿನವೂ ಅಷ್ಟೇ ಇತ್ತಲ್ಲ?

ಕಡೆಯವರು ಗಮನಿಸಬೇಕಾದ ಲಕ್ಷಣ ಒಂದೆರಡು ಹೇಳಿ ಮುಗಿಸುತ್ತೇನೆ. ವಯಸ್ಸಾದವರಲ್ಲಿ ಜ್ವರ, ಕೆಮ್ಮು ಇಲ್ಲದೆಯೇ ನ್ಯುಮೋನಿಯಾ ಬರಬಹುದು. ನಿನ್ನೆ ಚೆನ್ನಾಗಿ ಮಾತಾಡಿದವರು ಇವತ್ತು ತಡವರಿಸಿದರೆ, ಊಟ ಬೇಡ ಅಂದರೆ, ಸುಮ್ನೆ ತೂಕಡಿಸುತ್ತಲೇ ಇದ್ದರೆ, ಒಂದು ನಿಮಿಷ ಉಸಿರು ಎಣಿಸಿ. ಮೊಬೈಲಿನಲ್ಲಿ ಗಡಿಯಾರ ಇದೆಯಲ್ಲ. 24, 25 ದಾಟಿದರೆ ಹೋಗಿ ಹೇಳಿ. ಕನ್ನಡಕ, ಕಿವಿಯ ಮಷಿನ್ ಹಾಕಿಸಿಯೇ ಮಾತಾಡಿಸಿ. ಕೇಳಿಸದವರನ್ನು ಬುದ್ಧಿ ಭ್ರಮಣೆ ಅಂದುಕೊಳ್ಳುವುದೂ ಉಂಟು.

ಪ್ರಶ್ನೆ ಇದ್ದರೆ ಕೇಳಿ.

(ಮೂರನೇ ಸಾಲಿನಲ್ಲಿದ್ದ ಅಮ್ಮ ಒಬ್ಬರು ಎದ್ದರು. ಮುಂದಿನ ತಿಂಗಳು ಅವರಿಗೆ ಹೊಟ್ಟೆಯ ಆಪರೇಷನ್ ಇದೆಯಂತೆ. "ಕೆಮ್ಮು ಕೆಮ್ಮು ಅಂತೀರಲ್ಲ ಸಿಸ್ಟರ್, ಕೆಮ್ಮಿದರೆ ಹೊಲಿಗೆ ಬಿಟ್ಟುಹೋಗಲ್ವಾ?")

ಎಲ್ಲರಿಗೂ ಇರುವ ಹೆದರಿಕೆ ಇದೇ ಅಮ್ಮ. ಕೆಮ್ಮಲಿ ಅಂತಲೇ ಲೆಕ್ಕ ಹಾಕಿ ಹೊಲಿದಿರುತ್ತಾರೆ. ಆದರೆ ಗಾಯಕ್ಕೆ ಆಸರೆ ಬೇಕು. ಒಂದು ಚಿಕ್ಕ ದಿಂಬನ್ನೋ, ಮಡಿಸಿದ ಟವೆಲನ್ನೋ ಹೊಲಿಗೆಯ ಮೇಲಿಟ್ಟು ಎರಡೂ ಕೈಯಲ್ಲಿ ಅಪ್ಪಿ ಹಿಡಿದುಕೊಂಡು ಕೆಮ್ಮಬೇಕು. ನಿಮ್ಮ ಜೊತೆ ಯಾರು ಇರುತ್ತಾರೆ? ಸೊಸೆನಾ? ಅವರೂ ಬನ್ನಿ ಮುಂದೆ. ಆ ಕುರ್ಚಿಯ ಮೇಲಿನ ದಿಂಬು ಇತ್ತ ಕೊಡಿ, ತೋರಿಸುತ್ತೇನೆ.